ಪೆನ್ಸಿಲ್ ಗೆರೆ, ಬಾಂದು ಕಲ್ಲು

ಕಳೆದ ಸಂಚಿಕೆಯಲ್ಲಿ ಪಹಣಿ ತಿದ್ದುಪಡಿ ಬಗ್ಗೆ ಬರೆಯುತ್ತಾ ಒಂದು ಮಾತು ಬಾಯಿ ತಪ್ಪಿ ಬಂದಿತ್ತು. ಒಂದು ಕಾಲದಲ್ಲಿ ರಷ್ಯಾದವರು ನೆಲದೊಳಗೆ ಬಾಂಬ್ ಸಿಡಿಸಿದರೆ ಏಳೇ ನಿಮಿಷದಲ್ಲಿ ನಮ್ಮ ಗೌರಿಬಿದನೂರಿನ ಹೊಲಗಳಿಗೆ ಗೊತ್ತಾಗುತ್ತಿತ್ತು ಅಂತ. ಪಹಣಿ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಕಾಗದಗಳೆಲ್ಲ ಬಾಂಬಿನವು, ಗಡಿಯವು. ಆಗಲಿ, ಈ ಸಲ ಅದೇ ಇರಲಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿದವನು. ನಾನು ಕಂಡ ಗಡಿ ಜಗಳವೆಲ್ಲ ಬದುವಿನದು. ನಿವೃತ್ತಿಯಾದ ಮೇಲೆ ಲೈಬ್ರರಿಯಲ್ಲಿ ಕೂತು ದೇಶಗಳ ಬದು ಜಗಳ ಓದಿದೆ. ಎಕರೆ ಜಾಸ್ತಿ, ಅಷ್ಟೇ. ಬೈಗುಳ ಅದೇ.

ಪಾವಗಡದಿಂದ ತುಮಕೂರಿಗೆ ಬಸ್ಸಿನಲ್ಲಿ ಬಂದರೆ ನಡುವೆ ಆಂಧ್ರ ಸಿಗುತ್ತೆ. ನಮ್ಮ ತಾಲ್ಲೂಕಿನ ಸುತ್ತ ಹೆಚ್ಚೂಕಡಿಮೆ ಆಂಧ್ರವೇ. ಪಶ್ಚಿಮ ಬರ್ಲಿನ್ ಕೂಡ ಹೀಗೇ ಇತ್ತು ಅಂತ ಮಗ ಹೇಳಿದ. ಅಲ್ಲಿಯವರು ಹೇಗೆ ಓಡಾಡುತ್ತಿದ್ದರು ಸಾರ್?
— ನಿವೃತ್ತ ಬಸ್ ಕಂಡಕ್ಟರ್, ಪಾವಗಡ

ನಿಮ್ಮ ಮಗ ಸರಿಯಾಗೇ ಹೇಳಿದ್ದಾನೆ. ವ್ಯತ್ಯಾಸ ಇಷ್ಟು: ನಿಮ್ಮ ಬಸ್ಸನ್ನು ನಿಲ್ಲಿಸಿ ಯಾರೂ ಬಂದೂಕು ತೋರಿಸುವುದಿಲ್ಲ.

1945ರಲ್ಲಿ ಗೆದ್ದವರು ಜರ್ಮನಿಯನ್ನು ನಾಲ್ಕು ಪಾಲು ಮಾಡಿಕೊಂಡರು. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ. ರಾಜಧಾನಿ ಬರ್ಲಿನ್ನನ್ನೂ ನಾಲ್ಕು ಪಾಲು ಮಾಡಿದರು. ಆದರೆ ಬರ್ಲಿನ್ ಇದ್ದದ್ದು ಪೂರ್ತಿ ಸೋವಿಯತ್ ಪಾಲಿನ ಒಳಗೆ. ಪಶ್ಚಿಮದವರ ಪಾಲಿನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್.

ಇಲ್ಲೊಂದು ತಪ್ಪಾಯಿತು. ಸರ್ವೆಯವನಾಗಿ ನನಗೆ ಹೊಟ್ಟೆ ಉರಿಯುವ ತಪ್ಪು. ವಿಮಾನ ಹೋಗುವ ದಾರಿಯನ್ನು 1945ರ ನವೆಂಬರಿನಲ್ಲಿ ಕಾಗದದ ಮೇಲೆ ಬರೆಸಿಕೊಂಡರು. ರಸ್ತೆ, ರೈಲು ದಾರಿಯನ್ನು ಬರೀ ಬಾಯಿಮಾತಿಗೆ ಬಿಟ್ಟರು. ಬಂಡಿ ದಾರಿ ಪತ್ರದಲ್ಲಿ ಕಾಣಿಸದೆ ಒಳಗಿನ ಜಮೀನು ಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮುಂದಿನ ಹೊಲದವನ ಜೊತೆ ಚೆನ್ನಾಗಿರುವವರೆಗೆ ಎಲ್ಲ ಸರಿ. ಒಂದು ದಿನ ಅವನು ಮುಳ್ಳು ಹಾಕುತ್ತಾನೆ.

ಸ್ಟಾಲಿನ್ 1948ರ ಜೂನ್ 24ರಂದು ಮುಳ್ಳು ಹಾಕಿದ. ಪಶ್ಚಿಮದವರು ಹೊಸ ನೋಟು ಚಲಾವಣೆಗೆ ತಂದರು ಅನ್ನುವುದು ನೆಪ. ರಸ್ತೆ, ರೈಲು, ಕಾಲುವೆ ಮೂರೂ ಬಂದ್. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಒಳಗೆ ಸಿಕ್ಕಿಬಿದ್ದರು. ಆಗ ಉಳಿದದ್ದು ಪತ್ರದಲ್ಲಿದ್ದ ಆಕಾಶದ ದಾರಿ ಒಂದೇ. ಮುಂದಿನ ವರ್ಷದ ಮೇ 12ರವರೆಗೆ ದಿಗ್ಬಂಧನ ನಡೆಯಿತು. ಅದು ಮುಗಿದ ಮೇಲೂ ಕೆಲವು ತಿಂಗಳು ವಿಮಾನ ಹಾರಿದವು. ಒಟ್ಟು ಸುಮಾರು 2,78,000 ಹಾರಾಟ, 23 ಲಕ್ಷ ಟನ್ ಸಾಮಾನು. ತಿನ್ನುವುದಕ್ಕಿಂತ ಜಾಸ್ತಿ ಹೊತ್ತದ್ದು ಕಲ್ಲಿದ್ದಲನ್ನು. ಚಳಿಗೆ ಒಲೆ ಉರಿಯಬೇಕಲ್ಲ! ರಸ್ತೆಯಲ್ಲಿ ನುಗ್ಗಿದ್ದರೆ ಗುಂಡು ಹಾರಬೇಕಿತ್ತು. ವಿಮಾನ ತಡೆಯಬೇಕಾದರೆ ಸೋವಿಯತ್ತಿನವರೇ ಮೊದಲ ಗುಂಡು ಹಾರಿಸಬೇಕಿತ್ತು. ಅವರು ಹಾರಿಸಲಿಲ್ಲ.

ಗೋಡೆ ಬಂದದ್ದು ಆಮೇಲೆ, 1961ರ ಆಗಸ್ಟ್ 13ರಂದು. ಮೊದಲು ಮುಳ್ಳುತಂತಿ, ನಂತರ ಕಾಂಕ್ರೀಟು. ಪಶ್ಚಿಮ ಬರ್ಲಿನ್ನಿನ ಸುತ್ತ 155 ಕಿಲೋಮೀಟರ್. ಅಲ್ಲಿ ಬರ್ನೌವರ್ ಎಂಬ ಬೀದಿಯಿದೆ. ಒಂದು ಸಾಲಿನ ಮನೆಗಳು ಪೂರ್ವದ್ದು, ಅವುಗಳ ಮುಂದಿನ ಫುಟ್‌ಪಾತು ಪಶ್ಚಿಮದ್ದು. ಹೊಸಿಲು ದಾಟಿದರೆ ಬೇರೆ ದೇಶ. ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಜನ ಕಿಟಕಿಯಿಂದ ಧುಮುಕತೊಡಗಿದರು. ಕಿಟಕಿಗೂ ಇಟ್ಟಿಗೆ ಕಟ್ಟಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕದವರು ಬಲೆ ಹಿಡಿದು ನಿಂತಿರುತ್ತಿದ್ದರು. ಕೆಲವರು ಬಲೆಗೆ ಬೀಳಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಅಧಿಕಾರಿಯೊಬ್ಬರು ಪೂರ್ವ ಬರ್ಲಿನ್ನಿಗೆ ಸಂಗೀತ ನಾಟಕ ನೋಡಲು ಹೊರಟರು. ಗೇಟಿನಲ್ಲಿ ಪೂರ್ವದ ಪೊಲೀಸರು ಗುರುತಿನ ಕಾಗದ ಕೇಳಿದರು. ಇವರು ತೋರಿಸಲ್ಲ ಎಂದರು. ಅಷ್ಟಕ್ಕೆ ಶುರುವಾದದ್ದು 27ನೇ ತಾರೀಕಿಗೆ ಎರಡೂ ಕಡೆ ಟ್ಯಾಂಕು ಎದುರುಬದುರು ನಿಲ್ಲುವವರೆಗೆ ಹೋಯಿತು. ಸುಮಾರು ಹದಿನಾರು ಗಂಟೆ ನಿಂತಿದ್ದವು. ಅಮೆರಿಕದ ಅಧ್ಯಕ್ಷ ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ಒಳಗೊಳಗೇ ಮಾತಾಡಿಕೊಂಡರು. ಒಂದು ಸೋವಿಯತ್ ಟ್ಯಾಂಕು ಸುಮಾರು ಐದು ಮೀಟರ್ ಹಿಂದೆ ಸರಿಯಿತು. ಅಮೆರಿಕದ್ದೊಂದು ಅಷ್ಟೇ ಸರಿಯಿತು. ಹೀಗೇ ಒಂದೊಂದಾಗಿ ಹೋದವು. ನನಗೆ ಅದರಲ್ಲಿ ಇಷ್ಟವಾಗಿದ್ದು ಆ ಐದು ಮೀಟರ್. ಬದು ಜಗಳ ಬಗೆಹರಿಯುವುದೂ ಹಾಗೇ. ಯಾರೋ ಒಬ್ಬ ಮೊದಲು ಗುದ್ದಲಿ ಕೆಳಗಿಡುತ್ತಾನೆ. ಸೋತೆ ಅಂತ ಮಾತ್ರ ಬಾಯಿಬಿಟ್ಟು ಹೇಳಬಾರದು.

ಗೌರಿಬಿದನೂರಿನ ಯಂತ್ರಕ್ಕೆ ಬಾಂಬು ಯಾವುದು, ಭೂಕಂಪ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ನಮ್ಮ ಕಡೆ ಗಣಿಯೊಳಗೆ ಬಂಡೆ ಸಿಡಿದರೂ ನೆಲ ನಡುಗುತ್ತಿತ್ತು.
— ಗಣಿ ಕಾರ್ಮಿಕರ ಮಗ, ಕೆಜಿಎಫ್

ಕೆಜಿಎಫ್‌ನವರು ಕೇಳಬೇಕಾದ ಪ್ರಶ್ನೆಯೇ ಇದು. ಮೂರು ಕಿಲೋಮೀಟರಿಗಿಂತ ಆಳದಲ್ಲಿ ಬಂಡೆ ಸಿಡಿದಾಗ ಅಡುಗೆಮನೆಯ ಪಾತ್ರೆ ಗಲಗಲ ಅಂದದ್ದನ್ನು ಕೇಳಿ ಬೆಳೆದವರು ನೀವು.

1963ರ ಆಗಸ್ಟ್‌ನಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಬಾಂಬ್ ಪರೀಕ್ಷೆ ಬೇಡ ಅಂತ. ನಮ್ಮ ದೇಶವೂ ಅದೇ ತಿಂಗಳು ಸಹಿ ಹಾಕಿತು. ನೆಲದೊಳಗಿನ ಪರೀಕ್ಷೆಯನ್ನು ಮಾತ್ರ ಯಾಕೆ ಬಿಟ್ಟರು? ಸ್ಥಳ ತನಿಖೆಯ ತಕರಾರು. ಅನುಮಾನ ಬಂದರೆ ವರ್ಷಕ್ಕೆ ಏಳು ಸಲವಾದರೂ ಬಂದು ನೋಡುತ್ತೇವೆ ಅಂತ ಅಮೆರಿಕ. ಮೂರಕ್ಕಿಂತ ಜಾಸ್ತಿ ಬಿಡಲ್ಲ ಅಂತ ರಷ್ಯಾ. ಮೂರೋ ಏಳೋ ಅನ್ನುವ ಚೌಕಾಸಿ ಮುರಿದುಬಿತ್ತು. ಆಮೇಲಿನ ಸಾವಿರಕ್ಕೂ ಹೆಚ್ಚು ಪರೀಕ್ಷೆಗಳು ಭೂಮಿಯ ಹೊಟ್ಟೆಯೊಳಗೆ ನಡೆದವು.

ಒಳಗೆ ಬಿಡದಿದ್ದರೆ ಏನು ಮಾಡುವುದು? ಹೊರಗೆ ನಿಂತು ಕಿವಿಗೊಡುವುದು. ಆ ಉದ್ದೇಶಕ್ಕೆ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ನಮ್ಮ ಭಾಭಾ ಅಣುಶಕ್ತಿ ಕೇಂದ್ರ 1960ರ ದಶಕದ ಮಧ್ಯದಲ್ಲಿ ಗೌರಿಬಿದನೂರಿನಲ್ಲಿ ಈ ಕಂಪನ ಕೇಂದ್ರ ಕಟ್ಟಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದರ ಅಣ್ಣತಮ್ಮಂದಿರು. ನಮ್ಮ ನೆಲವನ್ನೇ ಯಾಕೆ ಆರಿಸಿದರು ಅಂದರೆ, ಇದು ಹಳೇ ಗಟ್ಟಿ ಬಂಡೆ. ಸಮುದ್ರದ ಅಲೆಯ ಗಲಾಟೆ ದೂರ.

ಎಲ್ ಅಕ್ಷರದ ಆಕಾರದಲ್ಲಿ ಎರಡು ಸಾಲು. ಒಂದೊಂದು ಸಾಲೂ ಇಪ್ಪತ್ತು ಕಿಲೋಮೀಟರಿಗಿಂತ ಉದ್ದ. ಒಟ್ಟು ಇಪ್ಪತ್ತು ಕಂಪನ ಮಾಪಕಗಳು, ಹೊಲ ಗುಡ್ಡಗಳ ನಡುವೆ. ಆಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಚಿನ್ನ ಹುಡುಕುತ್ತಿದ್ದಾರೆ ಅಂತ ನಮ್ಮೂರಿನಲ್ಲಿ ಗುಸುಗುಸು. ಕಡಲೆಕಾಯಿ ಕೀಳಲು ಹೋದಾಗ ದೂರದಲ್ಲಿ ಜೀಪು ಕಂಡರೆ ನಮ್ಮಜ್ಜಿ, "ಸಿಕ್ತೇನ್ರಪ್ಪಾ?" ಅಂತ ಕೂಗುತ್ತಿದ್ದಳು.

ಈಗ ನಿಮ್ಮ ಪ್ರಶ್ನೆ. ಭೂಕಂಪ ಅಂದರೆ ಎರಡು ಬಂಡೆ ಒಂದನ್ನೊಂದು ಉಜ್ಜಿಕೊಂಡು ಜಾರುವುದು. ಒಂದು ಕಡೆಗೆ ನೂಕು, ಇನ್ನೊಂದು ಕಡೆಗೆ ಎಳೆತ. ನೆಲದ ಮೇಲ್ಮೈಯಲ್ಲಿ ದೊಡ್ಡ, ನಿಧಾನದ ಅಲೆ ಬಹಳ ಹೊತ್ತು ಓಡುತ್ತೆ. ಬಾಂಬು ಹಾಗಲ್ಲ. ಎಲ್ಲ ದಿಕ್ಕಿಗೂ ಒಂದೇ ಸಲ ನೂಕುತ್ತೆ. ಮೊದಲ ಅಲೆ ಚುರುಕು, ಮೇಲ್ಮೈ ಅಲೆ ಸಣ್ಣದು. ಎರಡರ ಅಳತೆ ಪಕ್ಕಪಕ್ಕ ಇಟ್ಟರೆ ಕಳ್ಳ ಸಿಕ್ಕಿಬೀಳುತ್ತಾನೆ. ಇಪ್ಪತ್ತು ಮಾಪಕ ಯಾಕೆ? ಅಲೆ ಒಂದೊಂದನ್ನೂ ತುಸು ಹಿಂದೆಮುಂದೆ ಮುಟ್ಟುತ್ತೆ. ಆ ವ್ಯತ್ಯಾಸದಿಂದ ದಿಕ್ಕು ಹಿಡಿಯಬಹುದು. ಲಾರಿ ಹೋದದ್ದು, ಗಾಳಿ ಬೀಸಿದ್ದು ಎಲ್ಲ ಮಾಪಕಕ್ಕೂ ಒಂದೇ ಥರ ಕೇಳುವುದಿಲ್ಲವಾದ್ದರಿಂದ ಕೂಡಿಸಿದಾಗ ಕರಗಿಹೋಗುತ್ತೆ.

ಸೋವಿಯತ್ತಿನ ಸೆಮಿಪಲಾಟಿನ್ಸ್ಕ್ ಇಲ್ಲಿಂದ ನಾಲ್ಕು ಸಾವಿರ ಕಿಲೋಮೀಟರ್. ಅಲೆ ಬರಲು ಏಳು ನಿಮಿಷ. 1998ರ ಮೇ 28ರಂದು ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ಸಿಡಿಸಿದಾಗ ಇಲ್ಲಿಗೆ ಮುಟ್ಟಲು ನಾಲ್ಕೂವರೆ ನಿಮಿಷವೂ ಬೇಕಾಗಲಿಲ್ಲ. ಟಿವಿಯವರಿಗಿಂತ ಮೊದಲು ನಮ್ಮ ಹೊಲಕ್ಕೆ ಸುದ್ದಿ!

ಅಣುಬಾಂಬ್ ಮಾಡಿದವರು ನಮ್ಮ ಜಿಲ್ಲೆಯವರು ಅಂತಾರೆ. ನಿಜವೇ?
— ದಿನಸಿ ಅಂಗಡಿ, ಗುಬ್ಬಿ

ಒಬ್ಬರೇ ಮಾಡಿದ್ದಲ್ಲ. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ತಂಡದ ಮುಂದಾಳು ರಾಜಾ ರಾಮಣ್ಣ ತುಮಕೂರು ಸೀಮೆಯಲ್ಲಿ ಹುಟ್ಟಿದವರು. ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರೂ ಪರಮಾಣು ಭೌತಶಾಸ್ತ್ರವನ್ನೇ ಅಮೆರಿಕದಲ್ಲಿ ಓದಿ ಬಂದವರು. ಅವರು ಬಂದು ಮೇಷ್ಟ್ರಾದರು.

ನಿಜವಾಗಿಯೂ ಅಣುಯುದ್ಧ ಆಗಿಬಿಡುತ್ತಿತ್ತು ಅನ್ನುವ ಗಳಿಗೆ ಬಂದಿತ್ತೇ? ಇಲ್ಲ ಸುಮ್ನೆ ಹೆದರಿಸೋಕೆ ಹೇಳ್ತಾರಾ?
— ಪ್ರೌಢಶಾಲಾ ಶಿಕ್ಷಕಿ, ತಿಪಟೂರು

ಬಂದಿತ್ತು ಮೇಡಂ. ಒಂದಲ್ಲ, ಹಲವು ಸಲ. ಅವುಗಳಲ್ಲಿ ಕೆಲವು ಕೇಳಿದರೆ ನಗು ಬರುತ್ತೆ.

1962ರ ಅಕ್ಟೋಬರ್. ನಮ್ಮವರಿಗೆ ಆ ತಿಂಗಳು ಅಂದರೆ ಚೀನಾ ಯುದ್ಧ. ಅದು ಶುರುವಾದದ್ದು 20ಕ್ಕೆ. ಅದೇ ಹೊತ್ತಿಗೆ ಭೂಮಿಯ ಇನ್ನೊಂದು ಬದಿಯಲ್ಲಿ ಕ್ಯೂಬಾದ ಬಿಕ್ಕಟ್ಟು. ಸೋವಿಯತ್ತಿನವರು ಕ್ಯೂಬಾದಲ್ಲಿ ಕ್ಷಿಪಣಿ ಇಡುತ್ತಿರುವುದು 14ರಂದು ಅಮೆರಿಕದ ಬೇಹು ವಿಮಾನದ ಫೋಟೋದಲ್ಲಿ ಸಿಕ್ಕಿತು. ಕೆನಡಿ ಸಮುದ್ರದಲ್ಲಿ ಹಡಗುಗಳ ಬೇಲಿ ಹಾಕಿದರು. ಕೊನೆಗೆ 28ರಂದು ಕ್ರುಶ್ಚೇವ್ ಕ್ಷಿಪಣಿ ವಾಪಸ್ ತರಿಸುತ್ತೇನೆ ಎಂದರು. ಬದಲಿಗೆ ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ಅಮೆರಿಕ ಗುಟ್ಟಾಗಿ ತೆಗೆಯಿತು. ಮತ್ತೆ ಅದೇ ಐದು ಮೀಟರ್ ಲೆಕ್ಕ!

ಇದರ ನಡುವೆ 25ರ ನಡುರಾತ್ರಿ ಅಮೆರಿಕದ ಡುಲೂತ್ ಎಂಬ ಊರಿನ ಸೇನಾ ನೆಲೆಯಲ್ಲಿ ಕಾವಲಿನವನಿಗೆ ಯಾರೋ ಬೇಲಿ ಹತ್ತಿದಂತೆ ಕಂಡಿತು. ಗುಂಡು ಹಾರಿಸಿ ಅಲಾರಂ ಒತ್ತಿದ. ಸುತ್ತಲಿನ ನೆಲೆಗಳಿಗೂ ಎಚ್ಚರಿಕೆ ಹೋಯಿತು. ವಿಸ್ಕಾನ್ಸಿನ್ನಿನ ಒಂದು ನೆಲೆಯಲ್ಲಿ ತಂತಿ ಜೋಡಣೆ ತಪ್ಪಾಗಿತ್ತು. ಅಲ್ಲಿ ಹೊಡೆದದ್ದು ಯುದ್ಧಕ್ಕೆ ಹೊರಡಿ ಅನ್ನುವ ಗಂಟೆ. ಅಣ್ವಸ್ತ್ರ ಹೊತ್ತ ವಿಮಾನಗಳು ರನ್‌ವೇಗೆ ಹೊರಟವು. ಅಷ್ಟರಲ್ಲಿ ಒಬ್ಬ ಅಧಿಕಾರಿ ಕಾರಿನ ದೀಪ ಮಿಣುಕಿಸುತ್ತಾ ಅಡ್ಡ ಬಂದು ನಿಲ್ಲಿಸಿದ. ಬೇಲಿ ಹತ್ತಿದ್ದು ಕರಡಿ. ಮಧುಗಿರಿ, ಪಾವಗಡದ ಕಡೆ ಕರಡಿ ಕಡಲೆಕಾಯಿ ಹೊಲಕ್ಕೆ ನುಗ್ಗಿದರೆ ನಾವು ತಗಡು ಬಡಿಯುತ್ತೇವೆ. ಅಲ್ಲಿ ವಿಮಾನ ಹೊರಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದು ಇದಕ್ಕೇ ಅಲ್ವಾ?

27ರಂದು ಸಮುದ್ರದೊಳಗೆ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿ. ಒಳಗೆ ಅಣ್ವಸ್ತ್ರದ ಟಾರ್ಪೆಡೊ ಇತ್ತು, ಅದು ಅಮೆರಿಕದವರಿಗೆ ಗೊತ್ತಿಲ್ಲ. ಮೇಲೆ ಬಾ ಅಂತ ಅವರು ಸಣ್ಣ ಸಿಡಿಗುಂಡು ಎಸೆಯುತ್ತಿದ್ದಾರೆ. ಒಳಗೆ ಸೆಖೆ 45 ಡಿಗ್ರಿ ದಾಟಿದೆ. ಮಾಸ್ಕೋದ ಸಂಪರ್ಕ ಇಲ್ಲ. ಮೇಲೆ ಯುದ್ಧ ಶುರುವಾಗಿರಬೇಕು ಅಂತ ಕ್ಯಾಪ್ಟನ್ ಟಾರ್ಪೆಡೊಗೆ ಸಿದ್ಧ ಮಾಡಿಸಿದ. ಜೊತೆಗಿದ್ದ ವಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಬೇಡ ಎಂದು ತಡೆದರು ಅಂತ ಅಲ್ಲಿದ್ದವರು ಆಮೇಲೆ ಹೇಳಿದರು. ಹಡಗು ಮೇಲೆ ಬಂತು. ಈ ಕತೆ ಹೊರಗಿನವರಿಗೆ ಗೊತ್ತಾದದ್ದು ನಲವತ್ತು ವರ್ಷದ ನಂತರ.

ಇನ್ನೊಬ್ಬರು ಸ್ಟಾನಿಸ್ಲಾವ್ ಪೆಟ್ರೋವ್. 1983ರ ಸೆಪ್ಟೆಂಬರ್ 26. ಮಾಸ್ಕೋ ಹತ್ತಿರದ ಭೂಗತ ಕೇಂದ್ರದಲ್ಲಿ ರಾತ್ರಿ ಪಾಳಿ. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಎಂದು ಪರದೆ ಹೇಳಿತು. ಆಮೇಲೆ ಐದು ಎಂದಿತು. ನಿಯಮದಂತೆ ದಾಳಿ ಬಂತು ಅಂತ ಮೇಲಕ್ಕೆ ವರದಿ ಮಾಡಬೇಕು. ಈತ ಯೋಚಿಸಿದ್ದು: ಯುದ್ಧ ಮಾಡುವವರು ಐದೇ ಕಳಿಸುತ್ತಾರಾ? ನೆಲದ ರೇಡಾರ್ ಕೂಡ ಏನೂ ತೋರಿಸುತ್ತಿಲ್ಲ. ಯಂತ್ರದ ದೋಷ ಅಂತ ಹೇಳಿ ಕಾದ. ಮೋಡದ ಮೇಲೆ ಬಿದ್ದ ಬಿಸಿಲಿನ ಹೊಳಪನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು.

ನನಗೆ ಈತ ಬಹಳ ಹತ್ತಿರ. ಯಾಕೆ ಅಂದರೆ, ಒಂದು ಸಲ ಒಂದು ಹೊಲ ಅಳೆದಾಗ ನನಗೆ ಎರಡು ಗುಂಟೆ ಜಾಸ್ತಿ ಬಂತು. ಪಕ್ಕದವರ ಜಾಗ ಒತ್ತಿದ್ದಾರೆ ಅಂತ ಬರೆಯಬೇಕು. ಎರಡೂ ಮನೆಯವರು ಗುದ್ದಲಿ, ಮಚ್ಚು ಹಿಡಿದು ಬದುವಿನ ಮೇಲೆ ನಿಂತಿದ್ದರು. ನನ್ನ ಬಾಯಿಂದ ಒಂದು ಮಾತು ಬಂದರೆ ಸಾಕು. ಯಾಕೋ ಮನಸ್ಸು ಒಪ್ಪಲಿಲ್ಲ. ನೀರು ಕುಡಿದು, ಸರಪಳಿ ಮತ್ತೆ ಎಳೆಸಿದೆ. ನಡುವೆ ಕೊಂಡಿಗಳು ಮಡಚಿಕೊಂಡು ಗಂಟಾಗಿದ್ದವು. 33 ಅಡಿಯ ಸರಪಳಿ ಗಿಡ್ಡವಾಗಿತ್ತು, ಹೊಲ ದೊಡ್ಡದಾಗಿ ಕಂಡಿತ್ತು.

ಅಧ್ಯಕ್ಷರ ಮೇಜಿನ ಮೇಲೆ ಕೆಂಪು ಫೋನ್ ಇರುತ್ತಂತೆ, ಹೌದಾ?
— ಗೃಹಿಣಿ, ಶಿರಾ

ಅದು ಸಿನಿಮಾದವರ ಫೋನು ತಾಯಿ. ಕ್ಯೂಬಾ ಬಿಕ್ಕಟ್ಟಿನಲ್ಲಿ ಒಂದು ಕಾಗದ ಅತ್ತಿಂದಿತ್ತ ಹೋಗಿ ಅರ್ಥವಾಗಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತಿತ್ತು. ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ತನ್ನ ಗುಟ್ಟಿನ ತಂತಿಯನ್ನು ಸೈಕಲ್ಲಿನಲ್ಲಿ ಬಂದ ಟೆಲಿಗ್ರಾಫ್ ಹುಡುಗನ ಕೈಗೆ ಕೊಡುತ್ತಿದ್ದರು. ಹುಡುಗ ದಾರಿಯಲ್ಲಿ ಎಲ್ಲೂ ನಿಲ್ಲದೆ ಹೋಗಲಪ್ಪಾ ಅಂತ ಬೇಡಿಕೊಳ್ಳುವುದೊಂದೇ ಬಾಕಿ.

ಆ ಹೆದರಿಕೆಗೇ 1963ರ ಆಗಸ್ಟ್ 30ರಿಂದ ನೇರ ಸಂಪರ್ಕ ಬಂತು. ಅದು ಟೆಲಿಪ್ರಿಂಟರ್. ಮಾತಿನಲ್ಲಿ ಎಡವಟ್ಟಾಗುತ್ತೆ, ಬರಹ ಆದರೆ ಓದಿ ಯೋಚಿಸಬಹುದು ಅಂತ. ಮೊದಲ ಪರೀಕ್ಷೆಗೆ ಅಮೆರಿಕದವರು ಕಳಿಸಿದ್ದು ಇಂಗ್ಲಿಷಿನ ಎಲ್ಲ ಅಕ್ಷರ ಬರುವ, ನರಿ ಸೋಮಾರಿ ನಾಯಿಯ ಮೇಲೆ ಹಾರುವ ಆ ವಾಕ್ಯ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಕಟ್ಟಿದವರಿಗೆಲ್ಲ ಅದು ಬಾಯಿಪಾಠ.

ಬಾಂಬ್ ಬಿದ್ದರೆ ನಮ್ಮೂರ ಕೋಟೆ ಬೆಟ್ಟದಲ್ಲಿ ಅಡಗಿಕೊಳ್ಳಬಹುದಾ ತಾತ?
— ಎಂಟನೇ ತರಗತಿ, ಗುಡಿಬಂಡೆ

ಪುಟ್ಟಾ, ಹತ್ತಿರವೇ ಬಿದ್ದರೆ ಕೋಟೆ ಕೆಲಸಕ್ಕೆ ಬರಲ್ಲ. ದೂರ ಬಿದ್ದರೆ ಕಲ್ಲಿನ ಒಳಗಿರುವುದು ಬಯಲಿಗಿಂತ ಎಷ್ಟೋ ಒಳ್ಳೆಯದು. ಆಮೇಲೆ ಆಕಾಶದಿಂದ ಬೀಳುವ ವಿಕಿರಣದ ಧೂಳಿಗೆ ಒಂದು ಲೆಕ್ಕವಿದೆ. ಬಾಂಬ್ ಸಿಡಿದ ಒಂದು ಗಂಟೆಗೆ ಎಷ್ಟಿರುತ್ತೋ ಏಳು ಗಂಟೆಗೆ ಅದರ ಹತ್ತರಲ್ಲೊಂದು. 49 ಗಂಟೆಗೆ ನೂರರಲ್ಲೊಂದು. ಹಾಗಾಗಿ ಮೊದಲ ಎರಡು ದಿನ ಹೊರಗೆ ಬರಬಾರದು ಅನ್ನುತ್ತಾರೆ. ಏಳರ ಮಗ್ಗಿ ಬರುತ್ತಲ್ಲ ನಿನಗೆ? ಕೋಟೆಗೆ ಹೋದರೆ ಮಳೆನೀರು ಹಿಡಿಯುವ ಕೊಳಗಳನ್ನು ಎಣಿಸಿ ಬರೆದು ಕಳಿಸು.

ನಮ್ಮ ಮತ್ತು ಪಾಕಿಸ್ತಾನದ ನಡುವೆ ಎರಡೂ ಕಡೆ ಬಾಂಬ್ ಇದೆ. ತಡೆದು ನಿಲ್ಲಿಸೋದಕ್ಕೆ ಏನಾದರೂ ಇದೆಯಾ, ಇಲ್ಲ ದೇವರೇ ಗತಿಯಾ?
— ಆಟೋ ಚಾಲಕ, ಮಾಲೂರು

ಸ್ವಲ್ಪ ಇದೆ. 1988ರ ಡಿಸೆಂಬರ್ 31ರಂದು ರಾಜೀವ್ ಗಾಂಧಿ, ಬೆನಜೀರ್ ಭುಟ್ಟೊ ಕಾಲದಲ್ಲಿ ಒಂದು ಒಪ್ಪಂದವಾಯಿತು. ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. ಯಾವುವು ಅಂತ ಗೊತ್ತಾಗಬೇಕಲ್ಲ? ಅದಕ್ಕೆ 1992ರಿಂದ ಪ್ರತಿ ಜನವರಿ 1ಕ್ಕೆ ಪಟ್ಟಿ ಕೊಟ್ಟು ಪಟ್ಟಿ ತಗೊಳ್ಳುತ್ತಾರೆ. ಕಾರ್ಗಿಲ್ ನಡೆದು, ವಿಮಾನ ಅಪಹರಣ ಮುಗಿದ ಮಾರನೇ ದಿನ, 2000ದ ಜನವರಿ 1ರಂದೂ ಕೊಟ್ಟರು. ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸಬೇಕು ಅಂತ 2005ರಲ್ಲಿ ಇನ್ನೊಂದು ಒಪ್ಪಂದವಾಯಿತು. ಇದರ ಜೊತೆಗೆ ಸೇನೆಗಳ ಕಾರ್ಯಾಚರಣೆ ಮುಖ್ಯಸ್ಥರ ನಡುವೆ ಫೋನ್ ಇದೆ. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಆ ಕರೆ ಬಂತು, ಸಂಜೆ ಐದಕ್ಕೆ ಗುಂಡು ನಿಲ್ಲಿಸುವುದು ಅಂತಾಯಿತು.

ಗಡಿಯ ವಿಷಯಕ್ಕೆ ಬಂದರೆ, ಕಾಶ್ಮೀರದ 1949ರ ಕದನವಿರಾಮ ರೇಖೆಯ ಪತ್ರ ನೋಡಿ. ಎನ್‌ಜೆ 9842 ಎಂಬ ಜಾಗದವರೆಗೆ ಗೆರೆ ಸರಿಯಾಗಿದೆ. ಮುಂದಕ್ಕೆ "ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ" ಅಂತ ಬರೆದು ಕೈತೊಳೆದುಕೊಂಡರು. ಹಿಮದಲ್ಲಿ ಯಾರು ಹೋಗಿ ಇರುತ್ತಾರೆ ಅಂತ. ನಮ್ಮ ಹಳೇ ಕ್ರಯಪತ್ರಗಳ ಚೆಕ್ಕುಬಂದಿ ಹೀಗೇ ಇರುತ್ತೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇನ್ಯಾರದೋ ಹೊಲ, ಉತ್ತರಕ್ಕೆ ಗೋಮಾಳ. ಹಳ್ಳ ದಿಕ್ಕು ಬದಲಿಸಿದ ದಿನ ಕೋರ್ಟು. ಆ ಒಂದು ಸಾಲಿನ ಫಲ ಸಿಯಾಚಿನ್. 1984ರ ಏಪ್ರಿಲ್‌ನಿಂದ ನಮ್ಮ ಹುಡುಗರು ಅಲ್ಲಿದ್ದಾರೆ. ಗುಂಡಿಗಿಂತ ಚಳಿಗೆ, ಹಿಮ ಕುಸಿತಕ್ಕೆ ಸತ್ತವರೇ ಜಾಸ್ತಿ.

ಕೊರಿಯಾವನ್ನು ಅರ್ಧ ಗಂಟೆಯಲ್ಲಿ ಎರಡು ಮಾಡಿದರು ಅಂತ ನಮ್ಮ ಲೆಕ್ಚರರ್ ಹೇಳಿದರು. ಅದು ಹೇಗೆ ಸಾಧ್ಯ?
— ದ್ವಿತೀಯ ಪಿಯುಸಿ, ಬಾಗೇಪಲ್ಲಿ

ಸಾಧ್ಯವಾಯಿತಮ್ಮಾ. 1945ರ ಆಗಸ್ಟ್ 10ರ ರಾತ್ರಿ. ಜಪಾನ್ ಸೋಲುತ್ತಿದೆ, ಸೋವಿಯತ್ ಸೇನೆ ಕೊರಿಯಾಗೆ ಇಳಿಯುತ್ತಿದೆ. ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಕರ್ನಲ್‌ಗಳಿಗೆ ಒಂದು ಗೆರೆ ತೋರಿಸಿ ಎಂದರು. ಅವರ ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಫಿಕ್ ನಕ್ಷೆ. ಸೋಲ್ ನಗರ ತಮ್ಮ ಕಡೆ ಇರಲಿ ಅಂತ 38ನೇ ಅಕ್ಷಾಂಶ ಹಿಡಿದರು. ನದಿ, ಊರು, ರೈಲು ಏನೂ ನೋಡಲಿಲ್ಲ. ನಮ್ಮ ದೇಶದ ಕತೆಯೂ ಬೇರೆಯಲ್ಲ. ಅದಕ್ಕೆ ಮುಂಚೆ ಭಾರತಕ್ಕೇ ಬರದಿದ್ದ ಬ್ರಿಟಿಷ್ ವಕೀಲ ರ‍್ಯಾಡ್‌ಕ್ಲಿಫ್ 1947ರ ಜುಲೈ 8ಕ್ಕೆ ಬಂದಿಳಿದರು. ಐದು ವಾರದಲ್ಲಿ ಪಂಜಾಬ್, ಬಂಗಾಳ ಎರಡನ್ನೂ ಸೀಳಿದರು. ಒಂದು ಗುಂಟೆ ಪೋಡಿ ಮಾಡಲು, ಅಂದರೆ ಪಾಲು ಬೇರೆ ಮಾಡಲು, ನಮಗೆ ಅದಕ್ಕಿಂತ ಜಾಸ್ತಿ ದಿನ ಬೇಕಿತ್ತು.

1950ರ ಜೂನ್ 25ರಂದು ಉತ್ತರದವರು ಗೆರೆ ದಾಟಿದರು. ಮೂರು ವರ್ಷ ಯುದ್ಧ. ಲಕ್ಷಾಂತರ ಸಾವು. 1953ರ ಜುಲೈ 27ರಂದು ನಿಂತಾಗ ಗೆರೆ ಹೆಚ್ಚೂಕಡಿಮೆ ಅಲ್ಲೇ ಇತ್ತು! ಈಗ 4 ಕಿಲೋಮೀಟರ್ ಅಗಲ, ಸುಮಾರು 250 ಕಿಲೋಮೀಟರ್ ಉದ್ದದ ಪಟ್ಟಿ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ನಿನ್ನ ಪರೀಕ್ಷೆಗೆ ಬರದ ಒಂದು ವಿಷಯ ಹೇಳುತ್ತೇನೆ. ಊರಿಗೆ ಹೋಗಲ್ಲ ಎಂದ 22 ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳನ್ನು ಕಾದು, ವಿಚಾರಿಸಿ, ದಾರಿ ತೋರಿಸಿದ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತದ ಸೈನಿಕರು ತಮ್ಮ ನೆಲ ಮೆಟ್ಟಕೂಡದು ಎಂದರು. ಅದಕ್ಕೆ ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನೇರ ಆ ಪಟ್ಟಿಗೆ ಇಳಿಸಿದರು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ ಎಂದ 88 ಮಂದಿ ನಮ್ಮವರ ಜೊತೆ ಭಾರತಕ್ಕೆ ಬಂದರು. ತಿಮ್ಮಯ್ಯನವರು ಆಮೇಲೆ ಇನ್ನೊಂದು ಸೀಳಿದ ನೆಲಕ್ಕೆ ಹೋದರು, ಸೈಪ್ರಸ್. ಅಲ್ಲಿಯೂ ಒಬ್ಬ ಜನರಲ್ ಹಸಿರು ಪೆನ್ಸಿಲಿನಿಂದ ನಕ್ಷೆಯ ಮೇಲೆ ಗೆರೆ ಎಳೆದಿದ್ದ. ಹೆಸರೇ ಹಸಿರು ರೇಖೆ. ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ತಿಮ್ಮಯ್ಯ ಅಲ್ಲೇ ತೀರಿಕೊಂಡರು.

ನಮ್ಮ ಬದುವಿನ ಹುಣಸೆ ಮರಕ್ಕೆ ಪಕ್ಕದ ಹೊಲದವರ ಜೊತೆ ಹನ್ನೊಂದು ವರ್ಷದಿಂದ ಜಗಳ. ಮರಕ್ಕೋಸ್ಕರ ದೇಶಗಳೂ ಜಗಳವಾಡಿದ್ದುಂಟಾ, ಇಲ್ಲ ನಾವೇ ದಡ್ಡರಾ?
— ಟೊಮೆಟೊ ಬೆಳೆಗಾರ, ಚಿಂತಾಮಣಿ

ನೀವೇನೂ ಒಂಟಿಯಲ್ಲ ಯಜಮಾನರೇ. ಕೊರಿಯಾದ ಅದೇ ಪಟ್ಟಿಯಲ್ಲಿ ಪನ್‌ಮುಂಜೊಂ ಅಂತ ಜಾಗ. ಎರಡೂ ಕಡೆಯ ಕಾವಲಿನವರು ಒಟ್ಟಿಗೆ ಇರುತ್ತಿದ್ದ ಅಂಗಳ. ಅಲ್ಲೊಂದು ಪಾಪ್ಲರ್ ಮರ ಇತ್ತು. ಅಮೆರಿಕದವರ ಎರಡು ಕಾವಲು ಠಾಣೆಗಳ ನಡುವೆ ಕೊಂಬೆ ಹರಡಿ ಕಣ್ಣಿಗೆ ಅಡ್ಡ. 1976ರ ಆಗಸ್ಟ್ 18ರಂದು ಕೊಂಬೆ ಸವರಲು ಆಳುಗಳು ಹೋದರು. ಉತ್ತರದವರು ಬಂದು ನಿಲ್ಲಿಸಿ ಎಂದರು. ಈ ಮರ ನಮ್ಮ ನಾಯಕ ಕಿಮ್ ಇಲ್ ಸುಂಗ್ ತಾವೇ ನೆಟ್ಟದ್ದು ಎಂದರಂತೆ. ಇವರು ನಿಲ್ಲಿಸಲಿಲ್ಲ. ಆಳುಗಳ ಕೈಯ ಕೊಡಲಿಯನ್ನೇ ಕಿತ್ತುಕೊಂಡು ಇಬ್ಬರು ಅಮೆರಿಕನ್ ಅಧಿಕಾರಿಗಳನ್ನು ಕಡಿದು ಕೊಂದರು.

ಮೂರು ದಿನ ಬಿಟ್ಟು, 21ರಂದು, ಅಮೆರಿಕದವರು ಮರ ಕಡಿಯಲು ಮತ್ತೆ ಹೋದರು. ಈ ಸಲ ಗರಗಸದವರ ಹಿಂದೆ ಸೈನಿಕರು, ಅವರ ಹಿಂದೆ ಹೆಲಿಕಾಪ್ಟರು, ಆಕಾಶದಲ್ಲಿ ಅಣುಬಾಂಬ್ ಹೊರಬಲ್ಲ ಬಿ-52 ವಿಮಾನಗಳು. ಒಂದು ಮರಕ್ಕೆ! ಉತ್ತರದವರು ಬಂದು ನಿಂತು ನೋಡಿದರು, ಮುಂದೆ ಬರಲಿಲ್ಲ. 42 ನಿಮಿಷದಲ್ಲಿ ಮರ ಉರುಳಿತು. ಬೇಕೆಂದೇ ಬುಡದ ಮೋಟು ಬಿಟ್ಟರು. ಕಿಮ್ ಇಲ್ ಸುಂಗ್ ವಿಷಾದದ ಕಾಗದ ಕಳಿಸಿದರು. ಅಲ್ಲಿಯವರೆಗೆ ಆ ಅಂಗಳದೊಳಗೆ ಗಡಿ ಗುರುತೇ ಇರಲಿಲ್ಲ. ಅದಾದ ಮೇಲೆ ನಡುವೆ ಸಿಮೆಂಟಿನ ಪಟ್ಟಿ ಹಾಕಿ ಅತ್ತ ಅವರು, ಇತ್ತ ಇವರು ಅಂತ ಮಾಡಿದರು. ಇಬ್ಬರು ಸತ್ತ ಮೇಲೆ ಹದ್ದುಬಸ್ತು, ಅಂದರೆ ಗಡಿ ಗುರುತು!

ನೀವು ಮುಂಚೆಯೇ ಮಾಡಿಸಿ. ಹದ್ದುಬಸ್ತಿಗೆ ಅರ್ಜಿ ಹಾಕಿ, ಹಳೇ ಸರ್ವೆ ಟಿಪ್ಪಣಿಯ ನಕಲು ತೆಗೆಸಿ. ಅಳತೆಯ ದಿನ ಪಕ್ಕದವರೂ ಇರುವಂತೆ ನೋಟಿಸ್ ಮುಟ್ಟಿದೆಯಾ ನೋಡಿಕೊಳ್ಳಿ. ಬಾಂದು ಕಲ್ಲು ನೆಡುವಾಗ ಇಬ್ಬರೂ ಎದುರಿಗಿದ್ದು ಸಹಿ ಹಾಕಿ. ಟಿಪ್ಪಣಿಯ ನಕಲನ್ನು ನನಗೂ ಕಳಿಸಿದರೆ ಓದಿ ಹೇಳುತ್ತೇನೆ, ಆ ಕಾಲದವರ ಮೋಡಿ ಬರಹ ಓದುವವರು ಈಗ ಕಡಿಮೆ. ಅಷ್ಟರಲ್ಲಿ ಹುಣಸೆ ಬಡಿಯುವ ಕಾಲ ಬಂದರೆ, ಹಣ್ಣು ಅರ್ಧ ಅರ್ಧ ಮಾಡಿಕೊಳ್ಳಿ. ಕೊಡಲಿ ಮಾತ್ರ ಅಟ್ಟದ ಮೇಲಿರಲಿ.